ಗುಬ್ಬಿಯೋ ಊರಿನ ಚೆರಿ ಓಟ: ಮುಂದಿರುವವರನ್ನು ಹಿಂದೆ ಹಾಕುವ ಹಾಗೇ ಇಲ್ಲ, ಆದರೂ ಓಡುತ್ತಾರೆ

ಪೆರೂಜಾದ ಕನ್ನಡತಿ

ಇಟಲಿ ಅಂದರೆ ವೆನಿಸ್, ರೋಮ್, ವಾಲಿದ ಪೀಸಾ ಗೋಪುರ. ನಮ್ಮವರ ಮಾತು ಅಲ್ಲಿಗೇ ಮುಗಿಯುತ್ತದೆ. ನಾನಿರುವ ಉಂಬ್ರಿಯಾ ಕಡೆ ಯಾರೂ ತಲೆ ಹಾಕುವುದಿಲ್ಲ. ಸಮುದ್ರ ಇಲ್ಲ, ದೊಡ್ಡ ವಿಮಾನ ನಿಲ್ದಾಣ ಇಲ್ಲ. ಇರುವುದೆಲ್ಲ ಗುಡ್ಡ, ಗುಡ್ಡದ ಮೇಲೊಂದು ಕಲ್ಲಿನ ಊರು. ಅಂಥದ್ದೇ ಒಂದು ಊರಿನ ಬಗ್ಗೆ ಬರೆಯುತ್ತಿದ್ದೇನೆ. ಹೆಸರು ಗುಬ್ಬಿಯೋ. ಪೆರೂಜಾದಿಂದ ಸುಮಾರು 40 ಕಿ.ಮೀ. ಜನಸಂಖ್ಯೆ 30 ಸಾವಿರದ ಆಸುಪಾಸು. ಇಂಜೀನೋ ಅನ್ನುವ ಬೆಟ್ಟದ ಬುಡಕ್ಕೆ ಅಂಟಿಕೊಂಡಿದೆ.

ಈ ಊರಿನಲ್ಲಿ ಪ್ರತಿ ವರ್ಷ ಮೇ 15ಕ್ಕೆ ಚೆರಿ ಹಬ್ಬ ನಡೆಯುತ್ತದೆ. ಊರಿನ ಸಂತ ಉಬಾಲ್ದೋ ತೀರಿಕೊಂಡದ್ದು 1160ರ ಮೇ 16ರಂದು. ಅದರ ಹಿಂದಿನ ದಿನ ಈ ಹಬ್ಬ. ವಾರ ಯಾವುದೇ ಇರಲಿ, ದಿನಾಂಕ ಮಾತ್ರ ಇದೇ.

ಚೆರಿ ಅಂದರೆ ಮರದ ಮೂರು ಎತ್ತರದ ಕಂಬಗಳು. ಒಳಗೆ ಟೊಳ್ಳಾದ ಎರಡು ಎಂಟು ಮೂಲೆಯ ಗೂಡುಗಳನ್ನು ಒಂದರ ಮೇಲೊಂದು ಕೂರಿಸಿದ ಆಕಾರ. ತುದಿಯಲ್ಲಿ ಸಣ್ಣದೊಂದು ಸಂತನ ಮೂರ್ತಿ. ಒಂದೊಂದೂ ಸುಮಾರು 280 ಕಿಲೋ, ಎತ್ತರ 4 ಮೀಟರಿಗೂ ಜಾಸ್ತಿ. ಮೊದಲನೆಯದು ಸಂತ ಉಬಾಲ್ದೋನದು, ಗಾರೆ ಕೆಲಸದವರು ಮತ್ತು ಕಲ್ಲುಕುಟಿಗರದ್ದು, ಹಳದಿ ಅಂಗಿ. ಎರಡನೆಯದು ಸಂತ ಜೋರ್ಜೋನದು, ವ್ಯಾಪಾರಿಗಳು ಮತ್ತು ಕುಶಲಕರ್ಮಿಗಳದ್ದು, ನೀಲಿ ಅಂಗಿ. ಮೂರನೆಯದು ಮಠಾಧಿಪತಿ ಸಂತ ಆಂತೋನಿಯೋನದು, ರೈತರು ಮತ್ತು ಕತ್ತೆ ಹೊಡೆಯುವವರದ್ದು, ಕಪ್ಪು ಅಂಗಿ. ಬಿಳಿ ಪ್ಯಾಂಟು, ಸೊಂಟಕ್ಕೆ ಕೆಂಪು ಪಟ್ಟಿ, ಕುತ್ತಿಗೆಗೆ ಕೆಂಪು ವಸ್ತ್ರ ಎಲ್ಲರಿಗೂ ಒಂದೇ.

ಬೆಳಗಿನ ಜಾವ ಡೋಲು ಬಾರಿಸುತ್ತಾ ಹೋಗಿ ಮುಖಂಡರನ್ನು ಎಬ್ಬಿಸುತ್ತಾರೆ. ಆಮೇಲೆ ಎಲ್ಲರೂ ಮೊದಲು ಹೋಗುವುದು ಸ್ಮಶಾನಕ್ಕೆ, ಹಿಂದೆ ಚೆರಿ ಹೊತ್ತು ಈಗ ಇಲ್ಲವಾದವರಿಗೆ ನಮಸ್ಕಾರ ಹೇಳಲು. ಬಳಿಕ ಪೂಜೆ, ತಿಂಡಿ, ಮೆರವಣಿಗೆ. ಹನ್ನೊಂದೂವರೆ ಹೊತ್ತಿಗೆ ಪಿಯಾತ್ಸಾ ಗ್ರಾಂದೆ ಚೌಕದಲ್ಲಿ ಕಂಬಗಳನ್ನು ಎತ್ತಿ ನಿಲ್ಲಿಸುತ್ತಾರೆ. ಮಲಗಿಸಿದ ಕಂಬಕ್ಕೆ ಹೊರುವ ಚೌಕಟ್ಟನ್ನು ಜೋಡಿಸಿರುತ್ತಾರೆ. ಕಾಪೋದಿಯೇಚಿ, ಅಂದರೆ ತಂಡದ ಮುಖಂಡ, ಆ ಚೌಕಟ್ಟಿನ ಮೇಲೆ ಹತ್ತಿ ನಿಲ್ಲುತ್ತಾನೆ. ಕೈಯಲ್ಲಿ ಬಣ್ಣ ಬಳಿದ ಮಣ್ಣಿನ ಹೂಜಿ. ಕಂಬ ಮತ್ತು ಚೌಕಟ್ಟು ಸೇರುವ ಜಾಗಕ್ಕೆ ನೀರು ಸುರಿದು, ಹೂಜಿಯನ್ನು ಜನರ ನಡುವೆ ಎಸೆದುಬಿಡುತ್ತಾನೆ. ಅದರ ಚೂರಿಗಾಗಿ ಜನ ಮುಗಿಬೀಳುತ್ತಾರೆ, ಸಿಕ್ಕರೆ ಅದೃಷ್ಟ. ಅಷ್ಟರಲ್ಲಿ ಆತ ತನ್ನ ಮೈಭಾರವನ್ನೆಲ್ಲ ಮುಂದಕ್ಕೆ ಹಾಕುತ್ತಾನೆ. ಮೂರೂ ಕಂಬ ಒಟ್ಟಿಗೇ ಮೇಲೇಳುತ್ತವೆ. ಮೇಲೆ, ಚೌಕದಲ್ಲೇ ಇರುವ ಪಲಾತ್ಸೋ ದೇಯ್ ಕೋನ್ಸೋಲಿ ಅರಮನೆಯ ಗೋಪುರದಲ್ಲಿ 1769ರಲ್ಲಿ ಎರಕ ಹೊಯ್ದ ದೊಡ್ಡ ಗಂಟೆ. ಅದನ್ನು ಬಾರಿಸುವವರು ಹಗ್ಗ ಎಳೆಯುವುದಿಲ್ಲ, ಕಾಲಿನಿಂದ ತಳ್ಳುತ್ತಾರೆ.

ಸಂಜೆ ಆರಕ್ಕೆ ಬಿಷಪ್ ಆಶೀರ್ವಾದ. ಆಮೇಲೆ ಓಟ. ಊರೆಲ್ಲ ಸುತ್ತಿ, ಬೆಟ್ಟ ಹತ್ತಿ, ತುದಿಯ ಬಸಿಲಿಕಾ, ಅಂದರೆ ಸಂತನ ದೊಡ್ಡ ಚರ್ಚಿನ ತನಕ ಒಟ್ಟು 4 ಕಿ.ಮೀ. ಹತ್ತಿರ. ಏರು ಸುಮಾರು 300 ಮೀಟರ್. ಮುಂದೆ ಯಾವಾಗಲೂ ಉಬಾಲ್ದೋ, ನಡುವೆ ಜೋರ್ಜೋ, ಕೊನೆಗೆ ಆಂತೋನಿಯೋ. ಈ ಸಾಲು ಬದಲಾಗುವುದೇ ಇಲ್ಲ.

ನಾನು ನೋಡಿದ್ದು ಒಂದು ಸಣ್ಣ ಬೀದಿಯ ಗೋಡೆಗೆ ಅಂಟಿ ನಿಂತು. ಮೊದಲು ಕೇಳುವುದು ಕೂಗು: "ವಿಯಾ ಕೆಕ್ಕೋಲಿ!" ದಾರಿ ಬಿಡಿ, ಬಂದ್ರು ಅಂತ. ಪಕ್ಕದ ಅಜ್ಜ ಕೈ ಚಾಚಿ ನನ್ನನ್ನು ಇನ್ನೂ ಹಿಂದಕ್ಕೆ ಒತ್ತಿದ. ತಿರುವಿನಲ್ಲಿ ಮೊದಲು ಮೂರ್ತಿ ಕಂಡಿತು, ಕಿಟಕಿಗಳ ಮಟ್ಟದಲ್ಲಿ, ಒಂದು ಕಡೆಗೆ ವಾಲಿಕೊಂಡು. ಬಾಲ್ಕನಿಯಲ್ಲಿದ್ದವರು ಕಿರುಚಿದರು. ಅದು ನೆಟ್ಟಗಾಯಿತು. ನಾನು ಉಸಿರು ತೆಗೆದುಕೊಳ್ಳುವ ಹೊತ್ತಿಗೆ ಹಳದಿ ಅಂಗಿಗಳೆಲ್ಲ ಮುಂದಿನ ತಿರುವು ದಾಟಿದ್ದವು.

ಬೇರೆ ಯಾರಾದರೂ ನೋಡಿದ್ದೀರಾ?

ತುಮಕೂರು ಫಾಸ್ಟ್ ಪ್ಯಾಸೆಂಜರ್

ಗುಬ್ಬಿಯೋ? ನಮ್ಮ ಗುಬ್ಬಿಗೆ ಒಂದು "ಯೋ" ಸೇರಿಸಿ ಇಟಲಿಗೆ ಕಳಿಸಿಬಿಟ್ಟಿದ್ದೀರಿ ಅಂದುಕೊಂಡೆ 😄 ಮುಂದುವರಿಸಿ ಅಕ್ಕ, ಓದ್ತಾ ಇದ್ದೀನಿ.

ಕಲ್ಲುಬಂಡೆ

ಒಂದು ಸಂದೇಹ. ಯಾರು ಮೊದಲು ಬರುತ್ತಾರೆ ಅಂತ ಮೊದಲೇ ಗೊತ್ತು. ಯಾರು ಕೊನೆಗೆ ಬರುತ್ತಾರೆ ಅಂತಲೂ ಗೊತ್ತು. ಹಿಂದಿನವರಿಗೆ ದಾಟುವ ಅವಕಾಶವೇ ಇಲ್ಲ. ಮತ್ತೆ ಓಡುವುದು ಯಾಕೆ? ಆರಾಮಾಗಿ ನಡೆದುಕೊಂಡು ಹೋಗಬಹುದಲ್ವಾ? ನನಗೇನೋ ಇದು ಪ್ರವಾಸಿಗರಿಗಾಗಿ ಮಾಡುವ ತಮಾಷೆ ಅನ್ನಿಸುತ್ತದೆ.

ಪೆರೂಜಾದ ಕನ್ನಡತಿ

ಪ್ರವಾಸಿಗರಿಗಾಗಿ ಅಂತೂ ಅಲ್ಲ. ಆ ದಿನ ಪ್ರವಾಸಿಗರನ್ನು ಕೇಳುವವರೇ ಇಲ್ಲ. ಕೂರಲು ಜಾಗ ಇಲ್ಲ, ನಿಲ್ಲಲು ಜಾಗ ಇಲ್ಲ, ಏನು ನಡೆಯುತ್ತಿದೆ ಅಂತ ಹೇಳುವ ಧ್ವನಿವರ್ಧಕವೂ ಇಲ್ಲ. ಗೊತ್ತಿದ್ದರೆ ಗೊತ್ತು, ಇಲ್ಲದಿದ್ದರೆ ಇಲ್ಲ.

ಯಾಕೆ ಓಡುತ್ತಾರೆ ಅಂದರೆ, ಲೆಕ್ಕ ಹಾಕುವ ರೀತಿಯೇ ಬೇರೆ. ಕಂಬ ಬಿತ್ತಾ? ವಾಲಿತಾ? ಎಷ್ಟು ವಾಲಿತು, ಯಾವ ತಿರುವಿನಲ್ಲಿ? ಮುಂದಿನವರಿಗೂ ಹಿಂದಿನವರಿಗೂ ನಡುವೆ ಎಷ್ಟು ಅಂತರ ಬಿತ್ತು? ಇದಿಷ್ಟೇ ಮಾತು. ಬಿದ್ದರೆ ಮುಗಿಯಿತು, ಮುಂದಿನ ಮೇ ತಿಂಗಳವರೆಗೂ ಕಾಫಿ ಅಂಗಡಿಯಲ್ಲಿ ಅದೇ ಸುದ್ದಿ.

ಅಸಲಿ ಜಗಳ ಇರುವುದು ಬೆಟ್ಟದ ತುದಿಯಲ್ಲಿ. ಬಸಿಲಿಕಾದ ಒಳಾಂಗಣಕ್ಕೆ ಒಂದು ಬಾಗಿಲು ಇದೆ. ಉಬಾಲ್ದೋನವರು ಮೊದಲು ತಲುಪುತ್ತಾರೆ. ಕಂಬ ಎತ್ತರ, ಬಾಗಿಲು ಗಿಡ್ಡ, ಹಾಗಾಗಿ ಅದನ್ನು ಬಗ್ಗಿಸಿಯೇ ಒಳಗೆ ತರಬೇಕು. ಒಳಗೆ ಬಂದ ತಕ್ಷಣ ಅವರ ಕೆಲಸ ಬಾಗಿಲು ಹಾಕುವುದು. ಹಿಂದೆ ಬರುವ ಜೋರ್ಜೋನವರು ಅಷ್ಟರೊಳಗೆ ನುಗ್ಗಬೇಕು. ಅವರ ಕಂಬ ಹೊಸ್ತಿಲು ಮುಟ್ಟಿದರೆ ಬಾಗಿಲು ಹಾಕುವ ಹಾಗಿಲ್ಲ. ಅಂದರೆ ಮುಂದಿರುವವರಿಗೆ ಗೆಲುವು ಅಂದರೆ ಅಂತರ, ಹಿಂದಿರುವವರಿಗೆ ಗೆಲುವು ಅಂದರೆ ಅಂತರವೇ ಬಿಡದಿರುವುದು. ಬಾಗಿಲ ಹತ್ತಿರ ಕೂಗಾಟ, ತಳ್ಳಾಟ ಎಲ್ಲ ಇರುತ್ತದೆ.

ತೇರುಬೀದಿ

ಇದು ನಮ್ಮ ರಥೋತ್ಸವವೇ ಅಲ್ವಾ? ದೇವರನ್ನು ಎತ್ತರಕ್ಕೆ ಕೂರಿಸುವುದು, ಊರು ಸುತ್ತಿಸುವುದು, ಒಂದೊಂದು ಕುಲಕಸುಬಿನವರಿಗೆ ಒಂದೊಂದು ಹೊಣೆ. ತೇರಿನ ಮೇಲೆ ಬಾಳೆಹಣ್ಣು ಎಸೆಯುವ ಬದಲು ಇಲ್ಲಿ ಹೂಜಿ ಎಸೆಯುತ್ತಾರೆ, ಅಷ್ಟೇ.

ಮಿಲಾನೋ ಮಾವ

ಮೇಲ್ನೋಟಕ್ಕೆ ಹಾಗೆ ಕಾಣುತ್ತದೆ. ಆದರೆ ತೇರಿಗೆ ಗಾಲಿ ಇದೆ, ಹಗ್ಗ ಇದೆ, ಸುಸ್ತಾದರೆ ನಿಲ್ಲಿಸಬಹುದು. ಇದು ಹೆಗಲ ಮೇಲೆ. ನಾನು ಈ ದೇಶಕ್ಕೆ ಬಂದು ಬಹಳ ವರ್ಷ ಆಯಿತು. ನನ್ನ ಜೊತೆ ಕೆಲಸ ಮಾಡುವ ಒಬ್ಬ ಗುಬ್ಬಿಯೋದವನು. ಹೊರುವುದು ಹೇಗೆ ಅಂತ ಅವನು ಊಟದ ಮೇಜಿನ ಮೇಲೆ ಚಮಚ, ಫೋರ್ಕ್ ಇಟ್ಟು ತೋರಿಸಿದ್ದ.

ಚೌಕಟ್ಟಿಗೆ ಎರಡು ಉದ್ದದ ತೊಲೆ. ಮುಂದೆ ಕಾಪೋದಿಯೇಚಿ, ಹಿಂದೆ ಕಾಪೋಚಿಂಕ್ವೆ. ಮುಂದಿನವನು ದಾರಿ ನೋಡುತ್ತಾನೆ, ಹಿಂದಿನವನು ಕಂಬದ ವಾಲಾಟ ನೋಡುತ್ತಾನೆ. ತೊಲೆ ಹೊತ್ತವನ ತೋಳು ಹಿಡಿದು ಪಕ್ಕದಲ್ಲೊಬ್ಬ ಓಡುತ್ತಾನೆ, ಅವನು ಎಡವಬಾರದು ಅಂತ. ಒಬ್ಬ ಮನುಷ್ಯ ಪೂರ್ತಿ ವೇಗದಲ್ಲಿ ಈ ಭಾರ ಹೊತ್ತು ಹೆಚ್ಚು ದೂರ ಓಡಲಾರ. ಹತ್ತಾರು ಮೀಟರ್, ಅಷ್ಟೇ. ಹಾಗಾಗಿ ದಾರಿಯುದ್ದಕ್ಕೂ ತಾಜಾ ಜನ ಕಾದು ನಿಂತಿರುತ್ತಾರೆ. ಕಂಬ ನಿಲ್ಲುವುದಿಲ್ಲ. ಓಡುತ್ತಿರುವಾಗಲೇ ಹೊಸಬ ತೊಲೆ ಕೆಳಗೆ ಹೆಗಲು ಕೊಡಬೇಕು, ಹಳಬ ಜಾರಿಕೊಳ್ಳಬೇಕು. ಹೀಗೆ ಸರದಿಯಲ್ಲಿ ಹೊರುವ ಒಂದೊಂದು ಗುಂಪಿಗೂ "ಮುತಾ" ಅನ್ನುತ್ತಾರೆ. ಕಂಬ ಬೀಳುವುದು ಸಾಮಾನ್ಯವಾಗಿ ಹೀಗೆ ಹೆಗಲು ಬದಲಿಸುವ ಗಳಿಗೆಯಲ್ಲೇ, ಇಲ್ಲವೇ ತಿರುವಿನಲ್ಲಿ ಅಂತ ಅವನ ಲೆಕ್ಕ.

ಬೆಟ್ಟ ಹತ್ತುವ ಭಾಗ ಮುಗಿಯುವುದು ಹತ್ತು ನಿಮಿಷದ ಆಸುಪಾಸಿನಲ್ಲಿ. ಕೈ ಬೀಸಿಕೊಂಡು ನಡೆದು ಹತ್ತಿ ನೋಡಿ, ನಿಮಗೇ ಗೊತ್ತಾಗುತ್ತದೆ.

ಇನ್ನೊಂದು ಮಾತು, ಕಲ್ಲುಬಂಡೆಯವರಿಗೆ. ಅವನನ್ನು ನಾನೂ ಕೇಳಿದ್ದೆ, ಮೂರನೆಯವರಾಗಿ ಹುಟ್ಟಿದರೆ ಬೇಜಾರಾಗಲ್ವಾ ಅಂತ. ಅವನು ಆಂತೋನಿಯೋ ಕಡೆಯವನು, ಕಪ್ಪಂಗಿ. ಪ್ರಶ್ನೆಯೇ ಅರ್ಥವಾಗದವನ ಹಾಗೆ ನೋಡಿದ.

ಹಳೇ ಶಾಸನ

ಇತಿಹಾಸದ ಕಡೆಯಿಂದ ಸ್ವಲ್ಪ. ಗುಬ್ಬಿಯೋ ಅಂದರೆ ಶಾಸನ ಓದುವವರಿಗೆ ಮೊದಲು ನೆನಪಾಗುವುದು ಚೆರಿ ಅಲ್ಲ, ಕಂಚಿನ ಫಲಕಗಳು. ಇಗುವಿಯಮ್ ಫಲಕಗಳು ಅಂತ ಹೆಸರು. ಏಳು ಫಲಕ. ಬೆಳಕಿಗೆ ಬಂದದ್ದು 1444ರಲ್ಲಿ, ಊರಿನ ಆಡಳಿತ ಕೊಂಡುಕೊಂಡದ್ದು 1456ರಲ್ಲಿ. ಈಗ ಪಲಾತ್ಸೋ ದೇಯ್ ಕೋನ್ಸೋಲಿ ಅರಮನೆಯ ಮ್ಯೂಸಿಯಂನಲ್ಲಿವೆ. ಭಾಷೆ ಲ್ಯಾಟಿನ್ ಅಲ್ಲ, ಉಂಬ್ರಿಯನ್. ಕೆಲವು ಸ್ಥಳೀಯ ಲಿಪಿಯಲ್ಲಿ, ಕೆಲವು ಲ್ಯಾಟಿನ್ ಲಿಪಿಯಲ್ಲಿ. ಕ್ರಿಸ್ತಪೂರ್ವ ಕಾಲದ್ದು.

ಅದರಲ್ಲಿ ಇರುವುದೇನು? ಪೂಜಾವಿಧಿ. ಹಕ್ಕಿ ಶಕುನ ನೋಡುವುದು ಹೇಗೆ, ಊರ ಬಾಗಿಲುಗಳ ಮುಂದೆ ಯಾವ ಪ್ರಾಣಿ ಬಲಿ ಕೊಡಬೇಕು, ಊರನ್ನು ಶುದ್ಧ ಮಾಡಲು ಹೇಗೆ ಮೆರವಣಿಗೆ ಹೋಗಬೇಕು, ತಪ್ಪಾದರೆ ಮೊದಲಿನಿಂದ ಹೇಗೆ ಶುರು ಮಾಡಬೇಕು. ಎಲ್ಲ ಚಾಚೂ ತಪ್ಪದೆ ಬರೆದಿದೆ. ಅಲ್ಲಿ ಮೂರು ದೇವರಿಗೆ ಒಂದೇ ಬಿರುದು: ಯೂಪಿಟರ್ ಗ್ರಾಬೋವಿಯಸ್, ಮಾರ್ಸ್ ಗ್ರಾಬೋವಿಯಸ್, ವೋಫಿಯೋನಸ್ ಗ್ರಾಬೋವಿಯಸ್. ಮೂರು ದೇವರು, ಮೂರು ಚೆರಿ. ಹಾಗಾಗಿ ಚೆರಿ ಹಬ್ಬ ಕ್ರೈಸ್ತ ಧರ್ಮಕ್ಕಿಂತ ಹಳೆಯದು ಅನ್ನುವ ವಾದ ಇದೆ. ವಸಂತ ಋತು, ಎತ್ತಿ ನಿಲ್ಲಿಸುವ ಕಂಬ, ಸುರಿಯುವ ನೀರು, ಬೆಟ್ಟದ ತುದಿ. ನನಗಂತೂ ಈ ವಾದದಲ್ಲಿ ಹುರುಳಿದೆ ಅನ್ನಿಸುತ್ತದೆ.

ಪೆರೂಜಾದ ಕನ್ನಡತಿ

ಫಲಕಗಳನ್ನು ನೋಡಿದ್ದೇನೆ. ಅಕ್ಷರ ಎಷ್ಟು ಸ್ಪಷ್ಟ ಅಂದರೆ ಹೋದ ತಿಂಗಳು ಕೊರೆದ ಹಾಗಿದೆ. ಆದರೆ ಮೂರಕ್ಕೆ ಮೂರು ಸರಿಹೊಂದಿತು ಅಂತ ಎರಡು ಸಾವಿರ ವರ್ಷ ಹಾರಿಬಿಡುವುದು ನನಗೆ ಒಪ್ಪಿಗೆಯಿಲ್ಲ. ನಡುವಿನ ಶತಮಾನಗಳಲ್ಲಿ ಈ ಹಬ್ಬ ನಡೆಯಿತು ಅನ್ನಲು ಫಲಕಗಳಲ್ಲಿ ಆಧಾರ ಎಲ್ಲಿದೆ?

ಇನ್ನೊಂದು ಕಥೆ ಸರಳ. ಉಬಾಲ್ದೋ ಈ ಊರಿನ ಬಿಷಪ್ ಆಗಿದ್ದ. 1155ರಲ್ಲಿ ಚಕ್ರವರ್ತಿ ಫ್ರೆಡರಿಕ್ ಬಾರ್ಬರೋಸಾ ಇದೇ ಪ್ರದೇಶದ ಸ್ಪೊಲೇತೋ ಊರನ್ನು ಸುಟ್ಟು ಹಾಕಿದ. ಮುಂದಿನ ಸರದಿ ಗುಬ್ಬಿಯೋ. ಉಬಾಲ್ದೋ ಹೋಗಿ ಮಾತಾಡಿ ಊರು ಉಳಿಸಿದ ಅಂತ ಜನ ನಂಬುತ್ತಾರೆ. ಸತ್ತ ಮೇಲೆ 1192ರಲ್ಲಿ ಸಂತ ಪದವಿ ಬಂತು. 1194ರಲ್ಲಿ ಅವನ ದೇಹವನ್ನು ಬೆಟ್ಟದ ಮೇಲಕ್ಕೆ ಒಯ್ದರು, ಈಗಲೂ ಅಲ್ಲೇ ಇದೆ. ಅವನ ಹಬ್ಬದ ಮುನ್ನಾದಿನ ಊರಿನ ಕಸುಬುದಾರರ ಸಂಘಗಳು ಮೇಣದ ದೊಡ್ಡ ದೀಪಗಳನ್ನು ಕಾಣಿಕೆಯಾಗಿ ಬೆಟ್ಟಕ್ಕೆ ಒಯ್ಯುತ್ತಿದ್ದವು. ಮೇಣ ಹೋಗಿ ಮರ ಬಂತು, ಹದಿನಾರನೇ ಶತಮಾನದ ಕೊನೆಯ ಹೊತ್ತಿಗೆ ಈಗಿನ ರೂಪ. ಇಷ್ಟರಲ್ಲೇ ಬೇಕಾದಷ್ಟು ಇದೆಯಲ್ಲ!

ಹಳೇ ಶಾಸನ

ಮೇಣದ ದೀಪ ಬೆಟ್ಟಕ್ಕೆ ಒಯ್ಯಲು ಓಡಬೇಕಾಗಿಲ್ಲ. ಚೌಕದಲ್ಲಿ ಕಂಬಗಳು ಮೂರು ಸುತ್ತು ಹೊಡೆಯುವುದು ಯಾಕೆ? ಕಾಣಿಕೆಯ ಕಥೆ ಅದಕ್ಕೆ ಉತ್ತರ ಕೊಡುವುದಿಲ್ಲ. ನಾನು ನನ್ನ ಮಾತಿಗೇ ನಿಲ್ಲುತ್ತೇನೆ 🙂

ಕರಾವಳಿ ಮೀನ್ ಸಾರು

ಇತಿಹಾಸ ಆಯ್ತು. ಊಟ ಏನು ಕೊಡ್ತಾರೆ ಹೇಳಿ ಮೊದಲು.

ಪೆರೂಜಾದ ಕನ್ನಡತಿ

ನಿಮ್ಮ ಹೆಸರಿಗೆ ತಕ್ಕ ಉತ್ತರವೇ ಇದೆ. ಮೀನು! ಸಂತನ ಹಬ್ಬದ ಹಿಂದಿನ ದಿನ ಆದ್ದರಿಂದ ಮಧ್ಯಾಹ್ನ ಹೊರುವವರಿಗೆಲ್ಲ ಅರಮನೆಯೊಳಗೆ ಮೀನಿನ ಊಟ. "ತಾವೊಲಾ ಬೋನಾ" ಅನ್ನುತ್ತಾರೆ. ಸಮುದ್ರವಿಲ್ಲದ ಉಂಬ್ರಿಯಾದಲ್ಲಿ ಹಿಂದೆ ತಾಜಾ ಮೀನು ಎಲ್ಲಿಂದ ಬರಬೇಕು? ಹಾಗಾಗಿ ಉಪ್ಪು ಹಾಕಿ ಒಣಗಿಸಿದ ಕಾಡ್ ಮೀನು, ಬಕಲಾ. ಅದರದ್ದೇ ಒಂದು ಅಡುಗೆ ಈ ಹಬ್ಬದ ಹೆಸರಿನಲ್ಲಿದೆ. ಉಪ್ಪು ಬಿಡಿಸಲು ದಿನಗಟ್ಟಲೆ ನೀರು ಬದಲಿಸಿ ಬದಲಿಸಿ ನೆನೆಸಬೇಕು. ಆ ವಾರ ಯಾರ ಮನೆಗೆ ಹೋದರೂ ಅದೇ ವಾಸನೆ.

ಬೀದಿಯಲ್ಲಿ ಸಿಗುವುದು ಕ್ರೆಶಾ. ಕಾದ ಹಂಚಿನ ಮೇಲೆ ಬೇಯಿಸಿದ ದಪ್ಪ ರೊಟ್ಟಿ, ಸೀಳಿ ಒಳಗೆ ಹ್ಯಾಮ್ ಅಥವಾ ಸಾಸೇಜ್ ಇಡುತ್ತಾರೆ. ನನ್ನಂಥ ಸಸ್ಯಾಹಾರಿಗಳಿಗೆ ಸೊಪ್ಪು, ಚೀಸ್ ಹಾಕಿ ಕೊಡುತ್ತಾರೆ. ಕೇಳಬೇಕು ಅಷ್ಟೇ.

ಮಲ್ಲಿಗೆ ಮೊಗ್ಗು

ಹೆಂಗಸರು ಹೊರುತ್ತಾರಾ?

ಪೆರೂಜಾದ ಕನ್ನಡತಿ

ಇಲ್ಲ. ಹೊರುವವರು ಗಂಡಸರೇ. ಹೆಂಗಸರು ತಮ್ಮ ಮನೆತನದ ಬಣ್ಣದ ಅಂಗಿ ತೊಡುತ್ತಾರೆ, ಪಕ್ಕದಲ್ಲಿ ಓಡುತ್ತಾರೆ, ಗಂಡಸರಿಗಿಂತ ಜೋರಾಗಿ ಕೂಗುತ್ತಾರೆ. ಆದರೆ ತೊಲೆ ಕೆಳಗೆ ಹೋಗುವುದಿಲ್ಲ. ನನಗೆ ಇದು ಸರಿ ಕಾಣುವುದಿಲ್ಲ, ಸಂಪ್ರದಾಯ ಅಂತ ಹೇಳಿ ಮುಗಿಸಿಬಿಡುವ ವಿಷಯವೂ ಅಲ್ಲ. ಕಸುಬಿನ ಲೆಕ್ಕವೇ ಸಡಿಲವಾಗಿದೆ: ಇವತ್ತು ಹಳದಿ ಅಂಗಿ ತೊಟ್ಟವರೆಲ್ಲ ಗಾರೆ ಕೆಲಸದವರಲ್ಲ, ಬ್ಯಾಂಕಿನವರೂ ಇದ್ದಾರೆ, ಮೇಷ್ಟ್ರೂ ಇದ್ದಾರೆ. ಅದು ಬದಲಾಗಬಹುದಾದರೆ ಇದು ಯಾಕಾಗಬಾರದು?

ಮಲ್ಲಿಗೆ ಮೊಗ್ಗು

ಹಾಗಾದರೆ ಈಗ ಯಾರು ಯಾವ ಬಣ್ಣ ಅಂತ ಹೇಗೆ ತೀರ್ಮಾನ ಆಗುತ್ತೆ? ಅಪ್ಪ ಹಳದಿ, ಅಮ್ಮನ ಮನೆಯವರು ನೀಲಿ ಆಗಿದ್ದರೆ?

ಮಿಲಾನೋ ಮಾವ

ಹೆಚ್ಚಾಗಿ ಅಪ್ಪನ ಕಡೆಯದ್ದು. ಆದರೆ ಜಗಳ ಇದ್ದೇ ಇದೆ ಅಮ್ಮಾ. ನನ್ನ ಸಹೋದ್ಯೋಗಿಯ ಅಕ್ಕನನ್ನು ಕೊಟ್ಟದ್ದು ನೀಲಿ ಮನೆಗೆ. ಮಗು ಹುಟ್ಟಿದಾಗ ಎರಡೂ ಕಡೆಯವರು ತಮ್ಮ ತಮ್ಮ ಬಣ್ಣದ ಪುಟ್ಟ ಅಂಗಿ ಹೊಲಿಸಿ ತಂದಿದ್ದರಂತೆ. ಸೋದರಮಾವ ಮೊದಲು ತೊಡಿಸಿ ಫೋಟೋ ತೆಗೆದುಬಿಟ್ಟ. ಈಗಲೂ ಬಾವನ ಜೊತೆ ಅದೇ ವಿಷಯಕ್ಕೆ ಮುನಿಸು.

ಮಕ್ಕಳಿಗೇ ಪ್ರತ್ಯೇಕ ಚೆರಿ ಇವೆ. ಸಣ್ಣವು ಜೂನ್ 2ಕ್ಕೆ ಓಡುತ್ತವೆ, ಮಧ್ಯಮ ಗಾತ್ರದವು ಹದಿಹರೆಯದವರಿಗೆ. ಹೆಗಲು ಬದಲಿಸುವ ಕಲೆ ಅಲ್ಲೇ ಕಲಿಯುವುದು. ದೊಡ್ಡವರು ಪಕ್ಕದಲ್ಲಿ ಓಡುತ್ತಾ ತಿದ್ದುತ್ತಾರೆ. ನನಗೆ ದೊಡ್ಡ ಓಟಕ್ಕಿಂತ ಅದೇ ಇಷ್ಟ. ಜನ ಕಡಿಮೆ, ಹತ್ತಿರದಿಂದ ನೋಡಬಹುದು. ಎಂಟು ವರ್ಷದ ಹುಡುಗ ಹೂಜಿ ಎಸೆಯುವಾಗ ಅವನ ಮುಖದಲ್ಲಿನ ಗಾಂಭೀರ್ಯ ನೋಡಬೇಕು.

ಅಟ್ಲಾಂಟಿಕ್ ಆಚೆ

ಅಮೆರಿಕದಿಂದ ಒಂದು ಸೇರಿಕೆ. ನಾನಿರುವುದು ಪೆನ್ಸಿಲ್ವೇನಿಯಾದಲ್ಲಿ. ಇಲ್ಲಿ ಜೆಸಪ್ ಅಂತ ಒಂದು ಪುಟ್ಟ ಊರು. ನೂರು ವರ್ಷಕ್ಕೂ ಹಿಂದೆ ಕಲ್ಲಿದ್ದಲು ಗಣಿ ಕೆಲಸಕ್ಕೆ ಗುಬ್ಬಿಯೋದಿಂದ ಬಂದವರು ಇಲ್ಲಿ ನೆಲೆಸಿದರು. ಅವರ ಮೊಮ್ಮಕ್ಕಳು, ಮರಿಮಕ್ಕಳು ಇವತ್ತಿಗೂ ಮೇ ಕೊನೆಯ ವಾರಾಂತ್ಯದಲ್ಲಿ ಮೂರು ಸಂತರನ್ನು ಹೊತ್ತು ಓಡುತ್ತಾರೆ. ಅದೇ ಹಳದಿ, ನೀಲಿ, ಕಪ್ಪು. ಸಾಲೂ ಅದೇ. ಬೆಟ್ಟದ ಬದಲು ಊರಿನ ಡಾಂಬರು ರಸ್ತೆ. ಇಟಾಲಿಯನ್ ಮಾತಾಡುವವರು ಈಗ ಕಡಿಮೆ, ಓಟ ಮಾತ್ರ ಬಿಟ್ಟಿಲ್ಲ.

ಹಳೇ ಶಾಸನ

ಫ್ರಾನ್ಸಿನ ಅಲ್ಸಾಸ್ ಪ್ರದೇಶದ ಥಾನ್ ಊರನ್ನೂ ಸೇರಿಸಿಕೊಳ್ಳಿ. ಉಬಾಲ್ದೋ ತೀರಿಕೊಂಡಾಗ ಅವನ ಸೇವಕ ಉಂಗುರದ ಜೊತೆ ಬೆರಳಿನ ತುಣುಕನ್ನೂ ಊರುಗೋಲಿನಲ್ಲಿ ಅಡಗಿಸಿ ಒಯ್ದನಂತೆ. ಥಾನ್‌ನಲ್ಲಿ ಕೋಲನ್ನು ಮರಕ್ಕೆ ಒರಗಿಸಿ ಮಲಗಿದವನಿಗೆ ಎದ್ದಾಗ ಅದನ್ನು ಕೀಳಲು ಆಗಲಿಲ್ಲ. ಮೂರು ಬೆಳಕು ಕಾಣಿಸಿಕೊಂಡವು. ಐತಿಹ್ಯ, ನಂಬುವುದು ಬಿಡುವುದು ನಿಮಗೆ ಬಿಟ್ಟದ್ದು. ಆದರೆ ಪ್ರತಿ ಜೂನ್ 30ರ ರಾತ್ರಿ ಅಲ್ಲಿ ಮೂರು ಫರ್ ಮರಗಳನ್ನು ನಿಲ್ಲಿಸಿ ಸುಡುವುದು ನಿಜ. ಮತ್ತೆ ಮೂರು, ಗಮನಿಸಿ!

ಪೆರೂಜಾದ ಕನ್ನಡತಿ

ನೀವು ಮೂರನ್ನು ಬಿಡುವ ಹಾಗೆ ಕಾಣುವುದಿಲ್ಲ 😀

ಹಬ್ಬ ತಪ್ಪಿದ್ದು ಬಹಳ ಅಪರೂಪ. ಮೊದಲ ಮಹಾಯುದ್ಧದಲ್ಲಿ ಡೊಲೊಮೈಟ್ ಬೆಟ್ಟಗಳ ಕೋಲ್ ದಿ ಲಾನಾ ಮುಂಚೂಣಿಯಲ್ಲಿದ್ದ ಗುಬ್ಬಿಯೋ ಸೈನಿಕರು 1917ರ ಮೇ 15ಕ್ಕೆ ಅಲ್ಲೇ ಚೆರಿ ಮಾಡಿಕೊಂಡು ಓಡಿದ್ದರು. ಕೊರೊನಾ ಬಂದಾಗ 2020, 2021 ಎರಡೂ ವರ್ಷ ಓಟ ಇರಲಿಲ್ಲ. ನಮ್ಮ ಮನೆಯೊಡತಿ ಗುಬ್ಬಿಯೋದವರು. ಮಗ ಆ ದಿನ ಅಂಗಿ ತೊಟ್ಟು, ಕೆಂಪು ವಸ್ತ್ರ ಕಟ್ಟಿಕೊಂಡು, ಅಡುಗೆಮನೆಯಲ್ಲಿ ಸುಮ್ನೆ ಕೂತಿದ್ದನಂತೆ. 2022ರಲ್ಲಿ ಮತ್ತೆ ಶುರುವಾಯಿತು.

ಕಲ್ಲುಬಂಡೆ

ಎಲ್ಲ ಓದಿದೆ. ಚೆನ್ನಾಗಿದೆ. ಆದರೂ ನನ್ನ ತಕರಾರು ಇದ್ದೇ ಇದೆ. ಇದನ್ನು ಹರಕೆ ಅನ್ನಿ, ಸೇವೆ ಅನ್ನಿ, ಒಪ್ಪುತ್ತೇನೆ. ಓಟ ಅನ್ನಬೇಡಿ. ಸೋಲುವ ಅವಕಾಶ ಇಲ್ಲದ್ದು ಓಟ ಅಲ್ಲ.

ಮಿಲಾನೋ ಮಾವ

ಸೋಲುವ ಅವಕಾಶ ಇಲ್ಲ ಅಂತ ಯಾರು ಹೇಳಿದ್ದು? ಶುರುವಾಗುವುದೇ ಕಡಿದಾದ ಒಂದು ಇಳಿಜಾರಿನಿಂದ. 280 ಕಿಲೋ ಹೊತ್ತು ಇಳಿಜಾರಿನಲ್ಲಿ ಓಡಿ, ಕೆಳಗೆ ತಿರುವು ತೆಗೆದುಕೊಳ್ಳಬೇಕು. ಜಾರಿದರೆ ಇಡೀ ಊರಿನ ಮುಂದೆ ಸೋಲು. ಯಾರನ್ನೂ ಸೋಲಿಸದೆ ನಾವೇ ಸೋಲಬಹುದು, ಅಷ್ಟೇ ವ್ಯತ್ಯಾಸ.

ಕಲ್ಲುಬಂಡೆ

ಅದಕ್ಕೇ ಹೇಳಿದ್ದು, ಓಟ ಅಲ್ಲ ಅಂತ.

ತುಮಕೂರು ಫಾಸ್ಟ್ ಪ್ಯಾಸೆಂಜರ್

ಇವರಿಬ್ಬರನ್ನೂ ಒಂದೊಂದು ತೊಲೆಗೆ ಕಟ್ಟಿ ಬೆಟ್ಟ ಹತ್ತಿಸಬೇಕು. ಅಕ್ಕ, ಹೋಗೋದು ಹೇಗೆ ಹೇಳಿ. ಮುಂದಿನ ಮೇನಲ್ಲಿ ಕಂಪನಿ ಕೆಲಸದ ಮೇಲೆ ರೋಮ್‌ಗೆ ಬರ್ತಿದ್ದೀನಿ.

ಪೆರೂಜಾದ ಕನ್ನಡತಿ

ಗುಬ್ಬಿಯೋ ಊರೊಳಗೆ ರೈಲು ಇಲ್ಲ. ರೋಮ್‌ನಿಂದ ಅಂಕೋನಾ ಕಡೆಗೆ ಹೋಗುವ ರೈಲು ಹತ್ತಿ ಫೊಸ್ಸಾತೋ ದಿ ವಿಕೋದಲ್ಲಿ ಇಳಿಯಿರಿ. ಅಲ್ಲಿಂದ ಬಸ್ಸು. ಪೆರೂಜಾದಿಂದಲೂ ಬಸ್ಸು ಇದೆ. ಹಬ್ಬದ ದಿನ ಊರೊಳಗೆ ವಾಹನ ಬಿಡುವುದಿಲ್ಲ, ತುಂಬಾ ನಡೆಯಬೇಕು. ಊರಲ್ಲಿ ಉಳಿಯುವ ಜಾಗ ತಿಂಗಳುಗಳ ಮೊದಲೇ ಭರ್ತಿ.

ಬೆಳಗ್ಗೆ ಚೌಕಕ್ಕೆ ಹೋದರೆ ಮಧ್ಯಾಹ್ನದವರೆಗೂ ಹೊರಬರಲಾಗದು. ನೀರು, ಟೋಪಿ ಇರಲಿ. ಸಂಜೆ ಬೀದಿಯಲ್ಲಿ ನಿಲ್ಲುವುದಾದರೆ ತಿರುವಿನ ಹೊರಬದಿಯಲ್ಲಿ ನಿಲ್ಲಬೇಡಿ, ಕಂಬ ವಾಲುವುದು ಆ ಕಡೆಗೇ. ಮೊಬೈಲ್ ಹಿಡಿದ ಕೈ ಮುಂದೆ ಚಾಚಬೇಡಿ. ಸ್ಥಳೀಯರು "ಹಿಂದೆ ಸರಿ" ಅಂದರೆ ಸರಿದುಬಿಡಿ.

ಬೆಟ್ಟದ ಮೇಲಕ್ಕೆ ಹೋಗಲು ರೋಪ್‌ವೇ ಇದೆ. ಪಂಜರದಂಥ ತೆರೆದ ಬುಟ್ಟಿ, ನಿಂತೇ ಹೋಗಬೇಕು, ಅದೂ ಚಲಿಸುತ್ತಿರುವಾಗಲೇ ಹತ್ತಬೇಕು. ಹಬ್ಬದ ಮಾರನೇ ದಿನ ಹೋಗಿ. ಮೂರೂ ಚೆರಿ ಬಸಿಲಿಕಾದೊಳಗೆ ನಿಂತಿರುತ್ತವೆ, ಮುಂದಿನ ಮೇ ಮೊದಲ ಭಾನುವಾರ ಕೆಳಗೆ ತರುವವರೆಗೂ ಅಲ್ಲೇ. ಸಂತರ ಮೂರ್ತಿಗಳನ್ನು ಮಾತ್ರ ಅದೇ ರಾತ್ರಿ ಪಂಜು ಹಿಡಿದು ಹಾಡುತ್ತಾ ಊರಿಗೆ ಇಳಿಸಿಕೊಂಡು ಬಂದಿರುತ್ತಾರೆ.

ಸಮಯ ಸಿಕ್ಕರೆ ಹುಚ್ಚರ ಕಾರಂಜಿಗೂ ಹೋಗಿ. ಊರಿನವರೊಬ್ಬರ ಎದುರಿಗೆ ಅದನ್ನು ಮೂರು ಸುತ್ತು ಓಡಿ, ನೀರು ಚಿಮುಕಿಸಿಕೊಂಡರೆ ನಿಮಗೆ ಹುಚ್ಚರ ಲೈಸೆನ್ಸ್ ಸಿಗುತ್ತದೆ, ಹೆಸರು ಬರೆದು ಕೊಡುತ್ತಾರೆ. ಹೌದು, ಮತ್ತೆ ಮೂರು. ಹಳೇ ಶಾಸನದವರು ಈಗ ಶುರು ಮಾಡುತ್ತಾರೆ ನೋಡಿ.

ಹಳೇ ಶಾಸನ

ಶುರು ಮಾಡ್ಲಾ?

ತುಮಕೂರು ಫಾಸ್ಟ್ ಪ್ಯಾಸೆಂಜರ್

ಬೇಡ ಗುರುಗಳೇ 🙏 ಲೈಸೆನ್ಸ್ ಕಲ್ಲುಬಂಡೆಯವರ ಹೆಸರಲ್ಲೂ ಒಂದು ಮಾಡಿಸ್ಕೊಂಡು ಬರ್ತೀನಿ.